ಮೂರಕ್ಕೆ ಪ್ರವೇಶವಿಲ್ಲ

ನನ್ನ ಲಾಗ್ ಟೇಬಲ್ ಪುಸ್ತಕದೊಳಗೆ ಏಳು ವರ್ಷದಿಂದ ಒಂದು ಚೀಟಿ ಇತ್ತು. ಹಸಿರು ಶಾಯಿಯಲ್ಲಿ ಬರೆದದ್ದು. ನಮ್ಮ ಮೌಲ್ಯಮಾಪನ ಕೇಂದ್ರದಲ್ಲಿ ನನ್ನಂಥ ಸಾಮಾನ್ಯ ಉಪನ್ಯಾಸಕರಿಗೆ ಕೆಂಪು ಶಾಯಿ, ಮುಖ್ಯ ಮೌಲ್ಯಮಾಪಕರಿಗೆ ಹಸಿರು. ಕೆಂಪು ಮಕ್ಕಳ ಮೇಲೆ ಹರಿಯುತ್ತದೆ, ಹಸಿರು ನಮ್ಮ ಮೇಲೆ. ಚೀಟಿಯ ಒಕ್ಕಣೆ ಇಷ್ಟು: "ಈ ಮೌಲ್ಯಮಾಪಕರಿಗೆ ಮೂಲ ಪಾಠವೇ ಗೊತ್ತಿದ್ದಂತಿಲ್ಲ. ಮೊದಲು ಸುಲಭೀಕರಿಸಬೇಕು, ಆಮೇಲೆ ಡೊಮೈನ್ ನೋಡಬೇಕು."

ಬರೆದವರು ಅದನ್ನು ನನ್ನ ಕೈಗೆ ಕೊಟ್ಟು ಸುಮ್ಮನಾಗಿದ್ದರೆ ನಾನೂ ಸುಮ್ಮನಾಗುತ್ತಿದ್ದೆನೇನೋ. ಅವರು ಎದ್ದು ನಿಂತು, ಇಡೀ ಹಾಲಿಗೆ ಕೇಳುವಂತೆ ಓದಿದರು. "ಮೇಷ್ಟ್ರೇ, ಒಂದ್ ವರ್ಷ ನಿಮ್ ಕ್ಲಾಸಿನ ಹುಡುಗರ ಜೊತೆ ಬೆಂಚಿನ ಮೇಲೆ ಕುಂತ್ಕಳ್ರಿ, ಎಲ್ಲಾ ಸರಿ ಹೋಗತೈತೆ" ಎಂದರು. ಹಾಲು ನಕ್ಕಿತು. ಮರುದಿನ ನಾನು ಪಠ್ಯಪುಸ್ತಕ ಹಿಡಿದು ಹೋದೆ. ಅವರು ಪುಟ ನೋಡಿ, "ಇದು ಪ್ರಿಂಟಿಂಗ್ ಮಿಸ್ಟೇಕು" ಎಂದು ಪುಸ್ತಕ ಮಡಚಿ ಕೊಟ್ಟರು. ಹಾಲು ಎರಡನೇ ಸಲ ನಕ್ಕಿತು.

ಇಂಥದ್ದನ್ನು ಮರೆತುಬಿಡುವವರು ಇದ್ದಾರೆ. ಅವರ ರಕ್ತದೊತ್ತಡ ಚೆನ್ನಾಗಿರುತ್ತದೆ ಎಂದು ಕೇಳಿದ್ದೇನೆ. ನಾನು ಬೆಳಿಗ್ಗೆ ಒಂದು ಮಾತ್ರೆ ನುಂಗುತ್ತೇನೆ.

ಜಗಳ ಯಾವುದರ ಮೇಲೆ ಎಂದು ಹೇಳಿಬಿಡುತ್ತೇನೆ, ಗಣಿತ ಬಿಟ್ಟವರಿಗೂ ಅರ್ಥವಾಗುವಷ್ಟೇ ಇದೆ. ಮೇಲೊಂದು x ಇರುವ ಲೆಕ್ಕ, ಅಂದರೆ ಅಂಶ, ಕೆಳಗೊಂದು x ಇರುವ ಲೆಕ್ಕ, ನಡುವೆ ಗೆರೆ. ಇದನ್ನು ರ‍್ಯಾಷನಲ್ ಫಂಕ್ಷನ್ ಎನ್ನುತ್ತಾರೆ. x ಇರುವಲ್ಲಿ ಯಾವ್ಯಾವ ಸಂಖ್ಯೆ ಹಾಕಬಹುದು ಎಂಬ ಪಟ್ಟಿಯೇ ಅದರ ಡೊಮೈನು. ಕಟ್ಟುಪಾಡು ಒಂದೇ: ಗೆರೆಯ ಕೆಳಗಿನದು, ಅಂದರೆ ಛೇದ, ಸೊನ್ನೆಯಾಗಬಾರದು. ಯಾವ ಸಂಖ್ಯೆ ಛೇದವನ್ನು ಸೊನ್ನೆ ಮಾಡುತ್ತದೋ ಅದಕ್ಕೆ ಪ್ರವೇಶವಿಲ್ಲ. ಈಗ ಮೇಲೂ ಕೆಳಗೂ ಒಂದೇ ಅಪವರ್ತನ ಇತ್ತೆನ್ನಿ. ಅವಸರದವರು ಮೊದಲು ಅದನ್ನು ಹೊಡೆದುಹಾಕಿ, ಆಮೇಲೆ ಉಳಿದ ಛೇದ ನೋಡುತ್ತಾರೆ. ಹೊಡೆದದ್ದರ ಜೊತೆಗೇ ತಪ್ಪಿತಸ್ಥ ಸಂಖ್ಯೆಯೂ ಕಣ್ಮರೆಯಾಗುತ್ತದೆ, ಒಳಗೆ ನುಸುಳುತ್ತದೆ. ನಾನು ತರಗತಿಯಲ್ಲಿ ಹೇಳುವುದು ಹೀಗೆ: ಅಕ್ಕಿಯಲ್ಲಿನ ಕಲ್ಲು ಆರಿಸುವುದು ಅನ್ನ ಮಾಡುವ ಮುಂಚೆ. ಅನ್ನವಾದ ಮೇಲೆ ಹುಡುಕಿದರೆ ಕಲ್ಲು ಸಿಗುವುದು ಹಲ್ಲಿಗೆ.

ಆದ್ದರಿಂದ ನನ್ನ ಮಕ್ಕಳು ಲೆಕ್ಕ ಕೈಗೆತ್ತಿಕೊಂಡ ಕೂಡಲೇ ಪುಟದ ಬಲಮೂಲೆಯಲ್ಲಿ ಒಂದು ಚೌಕ ಎಳೆಯುತ್ತಾರೆ. ಮೇಲಿನದನ್ನು ಮುಟ್ಟುವ ಮೊದಲು, ಛೇದವನ್ನು ಸೊನ್ನೆ ಮಾಡುವ ಸಂಖ್ಯೆಗಳನ್ನೆಲ್ಲ ಆ ಚೌಕದೊಳಗೆ ಕೂಡಿಹಾಕುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು ಕಲ್ಲಿನ ಡಬ್ಬಿ. ಈ ಜಿಲ್ಲೆಯಲ್ಲಿ ಕಲ್ಲಿನ ಡಬ್ಬಿ ಇರುವ ಉತ್ತರಪತ್ರಿಕೆ ಕಂಡರೆ ಅದು ಹಿರಿಯೂರಿನಲ್ಲಿ ನನ್ನ ಕೋಣೆಯಿಂದ ಬಂದದ್ದು ಎಂದೇ ತಿಳಿಯಬೇಕು.

ಕಳೆದ ವರ್ಷ ಪ್ರಥಮ ಪಿಯುಸಿ ಗಣಿತದ ಪ್ರಶ್ನೆಪತ್ರಿಕೆ ತಯಾರಿಸುವ ಸರದಿ ನನಗೆ ಬಂತು. ನಮ್ಮಲ್ಲೊಂದು ಪದ್ಧತಿಯಿದೆ. ಪ್ರಶ್ನೆ ಮಾಡುವವನು ಬೇರೆ, ಕೀ ಉತ್ತರ ಮಾಡುವವರು ಬೇರೆ. ಪ್ರಶ್ನೆ ಮಾಡಿದವನ ಹೆಸರು ಮೊಹರು ಮಾಡಿದ ಲಕೋಟೆಯೊಳಗಿರುತ್ತದೆ, ಯಾರಿಗೂ ತಿಳಿಯದು. ಒಬ್ಬನೇ ಎರಡನ್ನೂ ಮಾಡಿದರೆ ತಪ್ಪು ಹೊರಗೆ ಬೀಳುವುದಿಲ್ಲ ಎಂಬುದು ಇದರ ಹಿಂದಿನ ದೊಡ್ಡ ತತ್ವ. ಕೀ ಉತ್ತರ ಮಾಡುವವರು ಮುಖ್ಯ ಮೌಲ್ಯಮಾಪಕರು. ಏಳು ವರ್ಷದಿಂದಲೂ ಅವರೇ.

ನಾನು ಪೇಟೆಗೆ ಹೋಗಿ ಅವರು ಬರೆದ ಗೈಡು ಕೊಂಡು ತಂದೆ. ಮುಖಪುಟದಲ್ಲಿ ಅವರ ಭಾವಚಿತ್ರ, ಕೋಟು ಸಮೇತ. ಮೂರನೇ ಅಧ್ಯಾಯದಲ್ಲಿ ದಪ್ಪಕ್ಷರದ ಸೂಚನೆ: "ಮೊದಲು ಹೊಡೆದುಹಾಕಿ, ಸಮಯ ಉಳಿಸಿ." ಓದಿ ನನಗಾದ ಸಂತೋಷವನ್ನು ನನ್ನ ಹೆಂಡತಿ ಜ್ವರವೆಂದು ತಿಳಿದು ಹಣೆ ಮುಟ್ಟಿ ನೋಡಿದಳು. ಅಂದೇ ಹದಿನೆಂಟನೇ ಪ್ರಶ್ನೆ ಹುಟ್ಟಿತು. ಮೇಲೆ x² − x − 6, ಕೆಳಗೆ x² − 5x + 6, ಡೊಮೈನ್ ಕಂಡುಹಿಡಿಯಿರಿ, ಮೂರು ಅಂಕ. ಕೆಳಗಿನದು (x − 2)(x − 3). 2 ಹೊರಗೆ, 3 ಕೂಡ ಹೊರಗೆ. ಆದರೆ ಮೇಲಿನದು (x − 3)(x + 2). ಹೊಡೆಯುವ ಚಟದವನು x − 3 ಅನ್ನು ಕಂಡರೆ ಬಿಟ್ಟಾನೆಯೇ? 2 ಮಾತ್ರ ಹೊರಗೆ ಎಂದು ಬರೆಯುತ್ತಾನೆ. ಬೋನಿನೊಳಗೆ ಕೊಬ್ಬರಿ ಚೂರು ಕಟ್ಟುವ ಶ್ರದ್ಧೆಯಿಂದ ನಾನು ಆ ಚಿಹ್ನೆಗಳನ್ನು ಎರಡೆರಡು ಸಲ ಸರಿನೋಡಿದೆ.

ಪರೀಕ್ಷೆಗೆ ಎರಡು ದಿನ ಮೊದಲು ನನ್ನ ತರಗತಿಯ ಒಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಧರ್ಮಪುರದ ಕಡೆಯವಳು, ಹಿರಿಯೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಕನ್ನಡ ಮಾಧ್ಯಮದಿಂದ ಬಂದವಳಿಗೆ ಗಣಿತ ಆ ವರ್ಷವೆಲ್ಲ ತಿಣುಕಾಟವಾಗಿತ್ತು.

"ಸರ್, ಉಳಿದಿದ್ರಾಗೆಲ್ಲ ಪಾಸಾಗ್ತೀನಿ. ನಿಮ್ದೊಂದೇ ಭಯ ಐತೆ."

"ಭಯ ನನ್ನದಾ, ಗಣಿತದ್ದಾ?"

"ಎಲ್ಡೂದು ಸರ್. ಒಂದ್ರಲ್ಲಿ ಫೇಲಾದ್ರೂ ಹಾಸ್ಟೆಲ್ ಸೀಟು ಹೋಗ್ತೈತೆ. ಊರಿಂದ ಫಸ್ಟ್ ಬಸ್ ಹಿಡಿದ್ರೂ ಇಲ್ಲಿ ಎರಡು ಪೀರಿಯಡ್ ಮುಗ್ದಿರತೈತೆ. ಅಪ್ಪಯ್ಯ ಆಗ್ಲೇ ಹೇಳೈತೆ, ಸೀಟು ಹೋದ್ರೆ ಮನೇಲಿರು ಅಂತ."

"ಸಪ್ಲಿಮೆಂಟರಿ ಇರತ್ತಲ್ಲಮ್ಮ."

"ಅದರ ರಿಜಲ್ಟ್ ಬರಾ ಹೊತ್ಗೆ ಸೀಟು ಬೇರೇರ್ಗೆ ಕೊಟ್ಟಿರ್ತಾರೆ ಸರ್."

"ಡಬ್ಬಿ ಮರೀಬೇಡ" ಎಂದು ಕಳಿಸಿದೆ. ಹದಿನೆಂಟನೇ ಪ್ರಶ್ನೆ ಆಗ ನನ್ನ ಕಿಸೆಯಲ್ಲೇ ಇದ್ದಂತೆ ಬೆಚ್ಚಗಿತ್ತು. ನನ್ನ ಮಕ್ಕಳು ಸರಿಯಾಗಿ ಬರೆಯುತ್ತಾರೆ, ಅವರು ತಪ್ಪಾಗಿ ಕೀ ಬರೆಯುತ್ತಾರೆ, ನಾನು ಎದ್ದು ನಿಲ್ಲುತ್ತೇನೆ. ಯೋಜನೆ ಅಷ್ಟು ಸರಳವಾಗಿತ್ತು.

ಮೌಲ್ಯಮಾಪನ ಜಿಲ್ಲಾ ಕೇಂದ್ರವಾದ ದುರ್ಗದ ಒಂದು ಕಾಲೇಜಿನಲ್ಲಿ, ಮೂರು ದಿನ. ಕಿಟಕಿಯಾಚೆ ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ಮನಸ್ಸಿಲ್ಲದ ಮನಸ್ಸಿನಿಂದ ತಿರುಗುತ್ತಿದ್ದವು. ನನ್ನ ಮೇಜಿನಲ್ಲಿ ಜೊತೆಗಿದ್ದವರು ಹೊಳಲ್ಕೆರೆಯ ಮೇಷ್ಟ್ರು, ನನ್ನ ವಾರಿಗೆಯವರು. ಬೆಳಿಗ್ಗೆ ಹತ್ತಕ್ಕೇ ಮಧ್ಯಾಹ್ನದ ಮಿರ್ಚಿ ಮಂಡಕ್ಕಿಯ ಮಾತೆತ್ತುವ ಮನುಷ್ಯ.

ಮೊದಲ ದಿನ ಮುಖ್ಯ ಮೌಲ್ಯಮಾಪಕರು ಸುತ್ತೋಲೆಯನ್ನೂ ಕೀ ಉತ್ತರವನ್ನೂ ಓದಿದರು. ಸುತ್ತೋಲೆ ನನ್ನ ಕಿವಿಗೆ ಬೀಳಲಿಲ್ಲ, ನಾನು ಹದಿನೆಂಟಕ್ಕೆ ಕಾಯುತ್ತಿದ್ದೆ. ಅದು ಬಂತು. "ಅಂಶ ಅಪವರ್ತಿಸಿದ್ದಕ್ಕೆ ಒಂದು, ಛೇದ ಅಪವರ್ತಿಸಿ ಹೊಡೆದಿದ್ದಕ್ಕೆ ಒಂದು, 2 ಅನ್ನು ಬಿಟ್ಟು ಉಳಿದೆಲ್ಲ ಅಂತ ಉತ್ತರ ಬರೆದಿದ್ದಕ್ಕೆ ಒಂದು. ಸುಲಭ ಪ್ರಶ್ನೆ, ಪಾಪ ಯಾರೋ ಕರುಣೆ ಇರೋರು ಸೆಟ್ ಮಾಡ್ಯಾರೆ."

ಬೋನಿನ ಬಾಗಿಲು ಬಿದ್ದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಆ ಕ್ಷಣವೇ ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೂರನೇ ದಿನ ಜಿಲ್ಲಾ ಅಧಿಕಾರಿಗಳು ಬರುತ್ತಾರೆ, ಎಲ್ಲ ವಿಷಯದವರನ್ನೂ ಒಂದೇ ಹಾಲಿನಲ್ಲಿ ಸೇರಿಸುತ್ತಾರೆ. ಏಳು ವರ್ಷ ಕಾದವನು ಇನ್ನೆರಡು ದಿನಕ್ಕೆ ಸೋಲುವುದೇ? ಮೂವತ್ತು ಜನರೆದುರು ಆದ ಅವಮಾನಕ್ಕೆ ಮುನ್ನೂರು ಜನರೆದುರು ಉತ್ತರ ಕೊಟ್ಟರೆ ಬಡ್ಡಿ ಸೇರಿದಂತಾಗುತ್ತದೆ. ಬಸ್ಸಿನಲ್ಲಿ ಹಿರಿಯೂರಿಗೆ ಮರಳುವಾಗ ಮಾಡಬೇಕಾದ ಭಾಷಣವನ್ನು ಮನಸ್ಸಿನಲ್ಲೇ ತಿದ್ದಿದೆ. "ಮಾನ್ಯರೇ" ಎಂಬಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನೂ ಗೊತ್ತುಮಾಡಿಕೊಂಡೆ.

ಎರಡನೇ ದಿನ ಹನ್ನೊಂದರ ಸುಮಾರಿಗೆ ಹೊಳಲ್ಕೆರೆ ಮೇಷ್ಟ್ರು ತಮ್ಮಷ್ಟಕ್ಕೇ ನಕ್ಕರು.

"ಇಲ್ನೋಡ್ರಿ, ಇದ್ಯಾವುದೋ ಮೂಲೆಗೆ ಡಬ್ಬಿ ಬರ್ಕಂಡೈತೆ. ನಿಮ್ದೇ ಇರ್ಬೇಕು ಈ ಕೂಸು."

ಕೋಡ್ ಹಾಕಿದ ಉತ್ತರಪತ್ರಿಕೆ ಯಾರದೆಂದು ಮೌಲ್ಯಮಾಪಕನಿಗೆ ತಿಳಿಯಕೂಡದು, ತಿಳಿದರೂ ನೋಡಕೂಡದು. ನೋಡಿದೆ. x ಅನ್ನು ಬೆನ್ನು ತಾಗಿಸಿ ಕೂತ ಎರಡು ಅರ್ಧಚಂದ್ರದಂತೆ ಬರೆಯುವವಳು ನನ್ನ ತರಗತಿಯಲ್ಲಿ ಒಬ್ಬಳೇ. ಡಬ್ಬಿಯೊಳಗೆ 2, 3. ಕೆಳಗೆ ಒಂದೇ ಸಾಲು: ಈ ಎರಡನ್ನು ಬಿಟ್ಟು ಉಳಿದ ಎಲ್ಲ ವಾಸ್ತವ ಸಂಖ್ಯೆಗಳು. ಮೇಲಿನದನ್ನು ಮುಟ್ಟಿಯೇ ಇರಲಿಲ್ಲ. ಮುಟ್ಟುವ ಅಗತ್ಯವೂ ಇಲ್ಲ. ಪಕ್ಕದಲ್ಲಿ ಕೆಂಪು ಸೊನ್ನೆ.

"ಸೊನ್ನೆ ಯಾಕ್ರೀ?"

"ಕೀ ಪ್ರಕಾರ ಅಂಶ ಅಪವರ್ತಿಸಿಲ್ಲ, ಹೊಡೆದಿಲ್ಲ, ಉತ್ತರ ಬೇರೆ. ಎಲ್ಲಿಂದ ಕೊಡ್ಲಿ? ಮನೆಯಿಂದ ತಂದು ಕೊಡ್ಲಾ?"

"ಒಟ್ಟು ಎಷ್ಟಾಯ್ತು?"

ಅವರು ಮುಖಪುಟ ತಿರುಗಿಸಿದರು. ಮೂವತ್ತಮೂರು. ಪಾಸಿಗೆ ಮೂವತ್ತೈದು.

ನಾನು ತಗ್ಗಿದ ದನಿಯಲ್ಲಿ ಕೇಳಿದೆ, "ಕೀ ತಪ್ಪೈತೆ ಅಂತ ನಾಳೆ ಅಧಿಕಾರಿಗಳ ಮುಂದೆ ಹೇಳಿದ್ರೆ?"

"ಕೀ ತಪ್ಪೈತಾ?" ಮೇಷ್ಟ್ರು ಪೆನ್ನು ಕೆಳಗಿಟ್ಟು ಬೆರಳಿನಿಂದ ಮೇಜಿನ ಮೇಲೆ ಬರೆದು, ಮೂರು ಹಾಕಿ ನೋಡಿದರು. ಹುಬ್ಬು ಮೇಲೇರಿತು. "ಹೌದಲ್ರೀ! ಆದ್ರೆ ನಿನ್ನೆ ಸುತ್ತೋಲೆ ಕೇಳ್ಲಿಲ್ವಾ ನೀವು? ಈ ವರ್ಷದಿಂದ ಆಕ್ಷೇಪಣೆ ಮೊದಲ್ನೇ ದಿನ ಐದು ಗಂಟೆವರ್ಗೆ ಮಾತ್ರ. ಆಮೇಲೆ ಕೀ ಸೀಲು. ನಾಳೆ ನೀವು ಅರಚಿಕೊಂಡ್ರೆ ಅವ್ರಿಗೆ ಮುಖಭಂಗ ಆಗ್ಬೋದು, ಅಂಕ ಒಂದೂ ಬದಲಾಗಲ್ಲ."

ಸುತ್ತೋಲೆಯ ನಡುವಿನ ಪ್ಯಾರಾದಲ್ಲಿ ಅದು ಇತ್ತಂತೆ. ನಾನು ನಡುವಿನದನ್ನು ಕೇಳಿಸಿಕೊಂಡಿರಲಿಲ್ಲ.

"ಏನೂ ದಾರಿ ಇಲ್ವಾ?"

"ಒಂದೈತೆ. ಪ್ರಶ್ನೆ ಮಾಡಿದೋರೇ ಬಂದು, ನನ್ನ ಪ್ರಶ್ನೇಲೇ ದೋಷ ಐತೆ ಅಂತ ಬರ್ದು ಕೊಟ್ರೆ, ಪ್ರಯತ್ನ ಮಾಡಿದೋರಿಗೆಲ್ಲ ಪೂರ್ತಿ ಅಂಕ. ಆದ್ರೆ ಯಾವ ಪುಣ್ಯಾತ್ಮ ಬಂದು ತಾನೇ ದಡ್ಡ ಅಂತ ಬರ್ಕೊಡ್ತಾನೆ ಹೇಳ್ರಿ?"

ಪುಣ್ಯಾತ್ಮ ಅವರ ಮೊಣಕೈಗೆ ತಾಗಿಕೊಂಡೇ ಕೂತಿದ್ದ. ಹೇಳಿದೆ. ಅವರು ನನ್ನ ಮುಖ ನೋಡಿ, "ಲೇ ಮಾರಾಯ" ಎಂದರು. ಮೂವತ್ತು ವರ್ಷದ ಸೇವೆಯಲ್ಲಿ ಅವರು ನನಗೆ ಲೇ ಅಂದದ್ದು ಅದೊಂದೇ ಸಲ.

ಮಿರ್ಚಿ ತಿನ್ನಲು ಹೋಗದೆ ಜಗುಲಿಯ ಮೇಲೆ ಕೂತು ಯೋಚಿಸಿದೆ. ಒಂದು ಕಡೆ ಮುನ್ನೂರು ಜನರ ಹಾಲು, ತಿದ್ದಿ ಮುಗಿಸಿದ ಭಾಷಣ, ಏಳು ವರ್ಷ. ಇನ್ನೊಂದು ಕಡೆ ಎರಡು ಅಂಕ, ಒಂದು ಹಾಸ್ಟೆಲ್ ಮಂಚ. ತೂಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ ಎಂದು ಬರೆಯಲು ಆಸೆಯಿದೆ. ಬೇಕಾಯಿತು. ಗಂಟೆ ಒಂದೂವರೆಯಿಂದ ಎರಡೂಕಾಲಿನವರೆಗೆ. ಕೊನೆಗೆ ದೋಷ ಒಪ್ಪಿಕೊಳ್ಳಲು ನಿರ್ಧರಿಸಿ ಕಾಗದ ತೆಗೆದಾಗ ಮಾತ್ರ, ಆ ಹಸಿರು ಶಾಯಿಯ ಮಹನೀಯರು ಉತ್ತರಪತ್ರಿಕೆ ಓದುವ ಕ್ರಮ ನೆನಪಾಯಿತು. ಮೊದಲ ಸಾಲು ನೋಡುತ್ತಾರೆ, ಕೊನೆಯ ಸಾಲು ನೋಡುತ್ತಾರೆ, ನಡುವಿನದನ್ನು ಹೊಡೆದುಹಾಕುತ್ತಾರೆ. ಸಮಯ ಉಳಿಯುತ್ತದೆ.

ಕಾರ್ಬನ್ ಇಟ್ಟು ಹೀಗೆ ಬರೆದೆ:

"ಮಾನ್ಯರೇ, ಹದಿನೆಂಟನೇ ಪ್ರಶ್ನೆಯನ್ನು ರಚಿಸಿದವನು ನಾನೇ ಆಗಿದ್ದು, ಅದರಲ್ಲಿ ನನ್ನಿಂದ ಲೋಪವಾಗಿರುತ್ತದೆ. ನಿನ್ನೆ ಪ್ರಕಟವಾದ ಕೀ ಉತ್ತರದ ಪ್ರಕಾರ 3 ಎಂಬ ಸಂಖ್ಯೆಗೆ ಡೊಮೈನಿನೊಳಗೆ ಪ್ರವೇಶವಿರುತ್ತದೆ. ಆದರೆ ಸದರಿ ಫಂಕ್ಷನ್ನಿನಲ್ಲಿ x ಇರುವಲ್ಲಿ 3 ಹಾಕಿದಲ್ಲಿ ಮೇಲೆ ಸೊನ್ನೆ, ಕೆಳಗೂ ಸೊನ್ನೆ ಬರುವುದು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಕ್ರಮವು ಈವರೆಗೆ ಎಲ್ಲಿಯೂ ಜಾರಿಯಲ್ಲಿರುವುದಿಲ್ಲ. ಕೀ ಉತ್ತರ ತಯಾರಿಸುವವರಿಗೆ ಇಷ್ಟು ತಿಳಿದಿರುತ್ತದೆ ಎಂದು ನಾನು ಭಾವಿಸಿದ್ದೇ ಸದರಿ ಲೋಪವಾಗಿರುತ್ತದೆ. ಈ ಲೋಪಕ್ಕೆ ವಿಷಾದಿಸುತ್ತಾ, ಪ್ರಯತ್ನಿಸಿದ ಎಲ್ಲರಿಗೂ ಪೂರ್ಣ ಅಂಕ ನೀಡಲು ಕೋರುತ್ತೇನೆ."

ಅವರ ಮೇಜಿನ ಮುಂದೆ ಕೈಕಟ್ಟಿ ನಿಂತೆ. ಅವರು ಮೊದಲ ಸಾಲು ಓದಿದರು. ಮುಖ ಅರಳಿತು.

"ಓಹೋ! ಆ ಕರುಣಾಮಯಿ ನೀವೇನಾ!" ಎದ್ದು ನಿಂತರು. ಎದ್ದೇ ಏಳುತ್ತಾರೆಂದು ನನಗೆ ಗೊತ್ತಿತ್ತು. "ಕೇಳ್ರಪ್ಪಾ ಎಲ್ರೂ! ಹಿರಿಯೂರು ಮೇಷ್ಟ್ರು ಪ್ರಶ್ನೇಲಿ ನನ್ನಿಂದ ಲೋಪ ಆಗೈತೆ ಅಂತ ಒಪ್ಕಂಡಾರೆ. ಏಳು ವರ್ಷದ ಹಿಂದೇನೇ ಹೇಳಿದ್ದೆ ನಾನು, ಬೆಂಚಿನ ಮೇಲೆ ಕುಂತ್ಕಳ್ರಿ ಅಂತ."

ಹಾಲು ನಕ್ಕಿತು. ನಾನು ನೆಲ ನೋಡಿದೆ. ನೆಲ ನೋಡುವುದು ನನಗೆ ಚೆನ್ನಾಗಿ ಬರುತ್ತದೆ, ಆ ಹಾಲಿನ ನೆಲದ ಬಿರುಕುಗಳೆಲ್ಲ ಪರಿಚಿತ.

ಅವರು ಕೊನೆಯ ಸಾಲು ನೋಡಿ, ಹಸಿರು ಪೆನ್ನಿನ ಟೋಪಿ ತೆಗೆದು, ದಪ್ಪಗೆ ಬರೆದರು: "ಒಪ್ಪಿದೆ. ಲೋಪವು ಗಂಭೀರ ಸ್ವರೂಪದ್ದು." ಕೆಳಗೆ ಸಹಿ, ಮೊಹರು. ನನ್ನ ಕಾರ್ಬನ್ ಪ್ರತಿಗೂ ಅದನ್ನೇ ಹಾಕಿಕೊಟ್ಟರು.

"ಇನ್ನೊಂದು ಸಣ್ಣ ನಿಯಮ ಐತೆ ಸರ್" ಎಂದೆ, ಬಹಳ ವಿನಯದಿಂದ. "ಅಂಕ ಬದಲಾಗೋದ್ರಿಂದ ಇದನ್ನ ಪ್ರತಿ ಮೇಜಿಗೂ ಪೂರ್ತಿ ಓದಿ ಹೇಳಿ, ಬೋರ್ಡಿಗೆ ಹಾಕ್ಬೇಕಂತೆ."

"ಓದ್ರಿ, ಓದ್ರಿ! ಪೂರ್ತಿ ಓದ್ರಿ. ಎಲ್ರಿಗೂ ಗೊತ್ತಾಗ್ಲಿ."

ಓದುವ ಭಾರವನ್ನು ಹೊಳಲ್ಕೆರೆ ಮೇಷ್ಟ್ರು ವಹಿಸಿಕೊಂಡರು. ಅಷ್ಟು ಗಂಭೀರವಾಗಿ ಅವರು ತಮ್ಮ ಮಗಳ ಲಗ್ನಪತ್ರಿಕೆಯನ್ನೂ ಓದಿರಲಾರರು. ಮೊದಲ ಮೇಜಿನಲ್ಲಿ "ಜಾರಿಯಲ್ಲಿರುವುದಿಲ್ಲ" ಎಂಬಲ್ಲಿಗೆ ಬಂದಾಗ ಒಬ್ಬರು ಕೆಮ್ಮಿದರು. ಎರಡನೇ ಮೇಜಿನಲ್ಲಿ ಪೆನ್ನುಗಳು ಓಡಿದವು. ಎಲ್ಲರೂ ಮೂರು ಹಾಕಿ ನೋಡುತ್ತಿದ್ದರು. ಮೂರನೇ ಮೇಜಿನ ಹೊಸದುರ್ಗದ ಮೇಡಂ ಸೆರಗು ಬಾಯಿಗೊತ್ತಿಕೊಂಡು, "ಇನ್ನೊಂದ್ ಸಲ ಓದ್ರಿ ಸರ್, ಆ ಕೊನೇದಕ್ಕಿಂತ ಮುಂಚಿಂದು" ಎಂದರು. ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ನಗು ಇವರಿಗಿಂತ ಮುಂದೆ ಹೋಗಿ ಅಲ್ಲಿ ಕಾಯುತ್ತಿತ್ತು. ಪ್ರತಿ ಮೇಜಿನಲ್ಲೂ ಕೊನೆಗೆ "ಒಪ್ಪಿದೆ, ಲೋಪವು ಗಂಭೀರ ಸ್ವರೂಪದ್ದು, ಸಹಿ ಮುಖ್ಯ ಮೌಲ್ಯಮಾಪಕರು" ಎಂದು ಅವರು ಹಸಿರು ಅಕ್ಷರಗಳನ್ನು ಎತ್ತಿ ತೋರಿಸಿದರು.

ಮುಖ್ಯ ಮೌಲ್ಯಮಾಪಕರು ಬೋರ್ಡಿನ ಮುಂದೆ ಬಂದದ್ದು ಎಲ್ಲರಿಗಿಂತ ಕೊನೆಗೆ. ನಡುವಿನ ಸಾಲುಗಳನ್ನು ಬೆರಳಿಟ್ಟು ಓದಿದರು. ಬೆರಳು "3" ರ ಮೇಲೆ ನಿಂತಿತು. ತಿರುಗದೆಯೇ, "ಮೇಷ್ಟ್ರೇ, ಇದನ್ನ ನಂಗೊಬ್ಬಂಗೇ ಹೇಳ್ಬೋದಿತ್ತು" ಎಂದರು.

"ಹೇಳಿದ್ದೆ ಸರ್. ಪ್ರಿಂಟಿಂಗ್ ಮಿಸ್ಟೇಕು ಅಂದ್ರಿ."

ಅವರ ಕುತ್ತಿಗೆ ಕೆಂಪಾಗಿತ್ತು. ನನಗೆ ಮರುಕ ಹುಟ್ಟಿತೇ ಎಂದು ಹುಡುಕಿ ನೋಡಿದೆ. ಹುಟ್ಟಿರಲಿಲ್ಲ. ಆ ಸಂಜೆ ಎರಡು ಪ್ಲೇಟ್ ಮಿರ್ಚಿ ತಿಂದೆ. ಮರುದಿನ ಅಧಿಕಾರಿಗಳು ಬಂದರು, ಹೋದರು. ನನ್ನ ಭಾಷಣ ಹಾಗೇ ಉಳಿಯಿತು.

ಫಲಿತಾಂಶ ಬಂದ ಮೂರನೇ ದಿನ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಮೂವತ್ತಾರು. ಹಾಸ್ಟೆಲ್ ಸೀಟು ಉಳಿದಿತ್ತು. ಸಂತೋಷ ಕಾಣಲಿಲ್ಲ.

"ಸರ್, ಹದಿನೆಂಟನೇದಕ್ಕೆ ಎಲ್ರಿಗೂ ಗ್ರೇಸ್ ಕೊಟ್ಟಾರಂತೆ?"

"ಹೌದಮ್ಮ. ಪಾಸಾದ್ಯಲ್ಲ."

"ನಾನು ಬರ್ದಿದ್ದು ಸರೀನಾ, ತಪ್ಪಾ?"

"ಪೂರ್ತಿ ಸರಿ."

"ಮತ್ತೆ ಗ್ರೇಸ್ ಯಾಕೆ? ಗೈಡ್ ನೋಡಿ ಹೊಡೆದಾಕಿದೋರ್ಗೂ ಮೂರು, ನಂಗೂ ಮೂರು. ಹಾಸ್ಟೆಲ್‌ನಾಗೆ ಎಲ್ಲಾ ಗ್ರೇಸ್ ಪಾಸು, ಗ್ರೇಸ್ ಪಾಸು ಅಂತಾರೆ ಸರ್."

ಇದಕ್ಕೆ ನನ್ನ ಬಳಿ ಅಮೋಘವಾದ ಉತ್ತರವಿತ್ತು. ಲಾಗ್ ಟೇಬಲ್ ತೆರೆದು ಹಳೆಯ ಚೀಟಿಯನ್ನೂ, ಹಸಿರು ಸಹಿಯ ಪತ್ರವನ್ನೂ ಅವಳ ಮುಂದಿಟ್ಟೆ. ಆ ಪತ್ರವನ್ನು ನಾನು ತೋರಿಸದವರು ಹಿರಿಯೂರಿನಲ್ಲಿ ಆ ಹೊತ್ತಿಗೆ ಕಡಿಮೆ ಉಳಿದಿದ್ದರು, ಓದಿದವರೆಲ್ಲ ನಕ್ಕಿದ್ದರು. ಅವಳು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಂದನ್ನೂ ಬಿಡದೆ ಓದಿದಳು. ನಾನೇ ಹಾಗೆ ಕಲಿಸಿದ್ದೆ. ನಗಲಿಲ್ಲ.

"ನಿನ್ನೆ ಪ್ರಕಟವಾದ ಕೀ ಉತ್ತರ ಅಂತ ಬರ್ದಿದೀರಿ ಸರ್."

"ಹೌದು."

"ನಿನ್ನೇನೇ ಯಾಕೆ ಹೇಳ್ಲಿಲ್ಲ? ನಿನ್ನೆ ಹೇಳಿದ್ರೆ ಕೀ ತಿದ್ತಿದ್ರಲ್ವಾ? ನಂದು ಸರಿ ಅಂತಲೇ ಮೂರು ಬರ್ತಿತ್ತಲ್ವಾ?"

ಮಾನ್ಯರೇ ಎಂಬಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಯೋಚಿಸುತ್ತಿದ್ದೆ ಎಂದು ಹೇಳಲಾಗಲಿಲ್ಲ. ಮೇಜಿನ ಮೇಲಿನ ಸೀಮೆಸುಣ್ಣದ ತುಂಡುಗಳನ್ನು ಡಬ್ಬಕ್ಕೆ ತುಂಬಿದೆ.

ಅವಳು ಪತ್ರವನ್ನು ಮಡಿಕೆ ಕೆಡದಂತೆ ಮಡಚಿ, "ಇದರದು ಒಂದು ಜೆರಾಕ್ಸ್ ಮಾಡಿಸ್ಕಳ್ಳಾ ಸರ್?" ಎಂದಳು.

"ಯಾಕಮ್ಮಾ?"

"ಇಟ್ಕಂಡಿರ್ತೀನಿ."

ಆ ದನಿ ನನಗೆ ಗೊತ್ತು. ಏಳು ವರ್ಷ ಅದನ್ನು ಲಾಗ್ ಟೇಬಲ್ಲಿನೊಳಗೆ ಕಾಪಾಡಿದವನು ನಾನು. ಯಾರ ಮೇಲಿನ ಸಿಟ್ಟಿಗೆ ಇಟ್ಟುಕೊಳ್ಳುತ್ತೀಯ ಎಂದು ಕೇಳುವ ಧೈರ್ಯವಾಗಲಿಲ್ಲ. ಮಾಡಿಸಿಕೋ ಎಂದೆ. ಸ್ವಲ್ಪ ಹೊತ್ತಿನಲ್ಲೇ ಪತ್ರವನ್ನು ತಂದು ಕೊಟ್ಟು ಹೋದಳು. ತೆರೆದು ನೋಡಿದೆ. ಬಲಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಪುಟ್ಟ ಚೌಕ ಎಳೆದು, ಅದರೊಳಗೆ "ನಿನ್ನೆ" ಎಂದು ಬರೆದಿದ್ದಳು.